ಎಸಿ ತರೋಕೆ ಹೋಗಿ ಟೆರೇಸಿಗೆ ಸುಣ್ಣ ಬಳಿದಿದ್ದು

ಚಿಕ್ಕಮಗಳೂರಲ್ಲಿ ಮನೆ ಅಂದ ತಕ್ಷಣ ಬೆಂಗಳೂರಿನ ನೆಂಟರೆಲ್ಲ "ನಿಮಗೇನಮ್ಮಾ, ವರ್ಷಪೂರ್ತಿ ದೇವ್ರು ಕೊಟ್ಟ ಎಸಿ" ಅಂತಾರೆ. ಮಾರ್ಚ್ ತಿಂಗಳಲ್ಲಿ ರಾತ್ರಿ ಎಂಟು ಗಂಟೆಗೆ ನಮ್ಮನೆ ರೂಮಲ್ಲಿ ಒಂದರ್ಧ ಗಂಟೆ ಬಂದು ಕೂತ್ಕೊಳ್ಳಿ, ಆಮೇಲೆ ಮಾತಾಡೋಣ. ನಮ್ದು ಕಲ್ಯಾಣನಗರದ ಕಡೆ ಒಂದೇ ಅಂತಸ್ತಿನ ಆರ್‌ಸಿಸಿ ಮನೆ, ಮೇಲೆ ಬರೀ ಟೆರೇಸು, ಆ ಒಂಬೈನೂರು ಚದರಡಿ ಕಾಂಕ್ರೀಟು ಹಗಲೆಲ್ಲ ಕಾದು ಕಾದು ರಾತ್ರಿ ಮಲಗೋ ಹೊತ್ತಿಗೆ ಸರಿಯಾಗಿ ಅಷ್ಟೂ ಬಿಸಿನ ನಮ್ಮ ತಲೆ ಮೇಲೆ ಇಳಿಸುತ್ತೆ. ನಮ್ಮತ್ತೆ ಕೊಪ್ಪದ ಕಡೆಯವರು, ಹಂಚಿನ ಮನೇಲಿ ಮರದ ಅಟ್ಟದ ಕೆಳಗೆ ಬೆಳೆದವರು, ಅವರಿಗಂತೂ ಇದು ತಡೆಯಕ್ಕೇ ಆಗ್ತಿರ್ಲಿಲ್ಲ.

2023ರ ಮಾರ್ಚಲ್ಲಿ ಸಾಕಾಗಿ ಎಸಿ ಅಂಗಡಿಗೆ ಹೋದೆ. ಅಂಗಡಿಯವನು ರೂಮಿನ ಅಳತೆ ಕೇಳಿ, ಮೇಲೆ ಟೆರೇಸಾ ಅಂತ ಕೇಳಿ, ಹೌದು ಅಂದಿದ್ದಕ್ಕೆ "ಹಾಗಾದ್ರೆ ಒಂದೂವರೆ ಟನ್ ಬೇಕೇಬೇಕು ಮೇಡಂ" ಅಂದ. ಒಂದು ಟನ್ ಅಂದ್ರೆ ಸುಮಾರು 3.5 ಕಿಲೋವಾಟ್ ಶಾಖನ ರೂಮಿಂದ ಎತ್ತಿ ಹೊರಗೆ ಹಾಕೋ ತಾಕತ್ತು. ಟೆರೇಸ್ ಇದೆ ಅನ್ನೋ ಒಂದೇ ಕಾರಣಕ್ಕೆ ಅರ್ಧ ಟನ್ ಜಾಸ್ತಿ ಬೇಕು ಅಂದ್ರೆ, ಆ ಅರ್ಧ ಟನ್ ಶಾಖ ಒಳಗೆ ಬರದ ಹಾಗೆ ಮೇಲೇ ತಡೆಯಕ್ಕಾಗಲ್ವಾ ಅಂತ ವಾಪಸ್ ಬರೋವಾಗ ಸ್ಕೂಟಿ ಮೇಲೆ ಕೂತು ಯೋಚನೆ ಬಂತು.

ಮನೇಲಿ ಕೋವಿಡ್ ಟೈಮಲ್ಲಿ ತಗೊಂಡಿದ್ದ ಹಣೆಗೆ ಹಿಡಿಯೋ ಥರ್ಮಾಮೀಟರ್ ಗನ್ ಇತ್ತಲ್ಲ, ಅದ್ರಲ್ಲಿ ಸರ್ಫೇಸ್ ಅಂತ ಇನ್ನೊಂದು ಮೋಡ್ ಇರುತ್ತೆ, ಗೋಡೆ, ಪಾತ್ರೆ ಎಲ್ಲಕ್ಕೂ ಹಿಡೀಬಹುದು. ರಾತ್ರಿ ಏಳೂವರೆಗೆ ಎಲ್ಲಾ ಕಡೆ ಹಿಡಿದು ನೋಡಿದೆ. ಒಳಗೋಡೆ 30, ಪಶ್ಚಿಮದ ಗೋಡೆ 34, ತಾರಸಿಯ ಒಳಮೈ 41. ಹೊರಗಡೆ ಸಿಟೌಟಲ್ಲಿ ನೇತುಹಾಕಿದ್ದ ಮಾಮೂಲಿ ಥರ್ಮಾಮೀಟರ್ ನೋಡಿದ್ರೆ 25! ಅಂದ್ರೆ ಹೊರಗೆ ಬಿಟ್ಟಿ ತಂಪು ಬಿದ್ಕೊಂಡಿದೆ, ನಾವು ಸೊಳ್ಳೆಗೆ ಹೆದರಿ ಆರು ಗಂಟೆಗೇ ಕಿಟಕಿ ಬಾಗಿಲು ಹಾಕ್ಕೊಂಡು ಒಳಗೆ ಬೇಯ್ತಾ ಇದೀವಿ.

ಹಾಗಾಗಿ ಮೊದಲು ಖರ್ಚು ಮಾಡಿದ್ದು ಸೊಳ್ಳೆ ಪರದೆಗೆ. ಎಲ್ಲಾ ಕಿಟಕಿಗೂ ಮೆಶ್ ಹಾಕಿಸಿದೆ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ, ಬೇಸಿಗೆ ಹಗಲು 33 ಇದ್ರೂ ಬೆಳಗಿನ ಜಾವ 20ರ ಕೆಳಗೆ ಇಳಿಯುತ್ತೆ, ಇದು ಮಂಗಳೂರಿನವರಿಗೆ ಸಿಗದ ಭಾಗ್ಯ. ಸೂರ್ಯ ಮುಳುಗಿದ ಮೇಲೆ ಎದುರುಬದುರು ಕಿಟಕಿ ಎರಡೂ ತೆಗೀಬೇಕು, ಬೆಳಗ್ಗೆ ಎಂಟೂವರೆ ಒಂಬತ್ತಕ್ಕೆ ಎಲ್ಲಾ ಮುಚ್ಚಿ ಕರ್ಟನ್ ಎಳೀಬೇಕು. ನಾವು ಮಾಡ್ತಾ ಇದ್ದಿದ್ದು ಇದಕ್ಕೆ ಪೂರ್ತಿ ಉಲ್ಟಾ. "ಬೆಳಕು ಬೇಡ್ವೇನೇ ಮನೆಗೆ, ಸೂತಕದ ಮನೆ ತರ ಹಾಕ್ಕೊಂಡು ಕೂರೋದು" ಅಂತ ಅತ್ತೆ ಒಂದು ವಾರ ಗೊಣಗಿದ್ರು, ಆಮೇಲೆ ಅವರೇ ಒಂಬತ್ತಾಯ್ತು ಅಂದ್ರೆ ಎದ್ದು ಕಿಟಕಿ ಹಾಕಕ್ಕೆ ಶುರು ಮಾಡಿದ್ರು.

ಪಶ್ಚಿಮದ ಗೋಡೆಗೆ ಕಾಫಿ ನರ್ಸರಿಗೆ ಕಟ್ತಾರಲ್ಲ ಹಸಿರು ಶೇಡ್ ನೆಟ್, ಅದನ್ನ ತಂದು ಗೋಡೆಯಿಂದ ಒಂದಡಿ ಬಿಟ್ಟು ಸಜ್ಜಾದಿಂದ ಕೆಳಗೆ ಇಳಿಬಿಟ್ಟೆ. ಒಳಗಿನ ಕರ್ಟನ್ನಿಗಿಂತ ಇದು ಎಷ್ಟೋ ವಾಸಿ, ಯಾಕಂದ್ರೆ ಬಿಸಿಲು ಗಾಜು ದಾಟಿ ಒಳಗೆ ಬಂದ್ಮೇಲೆ ಕರ್ಟನ್ ಹಾಕಿ ಏನುಪಯೋಗ, ಬಿಸಿ ಆಗ್ಲೇ ರೂಮೊಳಗೆ ಬಂದಾಯ್ತಲ್ಲ. ನೋಡಕ್ಕೆ ಚೆನ್ನಾಗಿಲ್ಲ, ಒಪ್ಕೋತೀನಿ. ಎದುರು ಮನೆಯವರು "ಏನು, ಗಿಡ ಮಾರಾಟಕ್ಕಿಟ್ಟಿದೀರಾ" ಅಂತ ಕೇಳಿದ್ರು.

ಇನ್ನು ಟೆರೇಸು. ಮೊದಲ ವರ್ಷ ಸುಣ್ಣ. ಸುಣ್ಣದ ಕಲ್ಲನ್ನ ಡ್ರಮ್ಮಲ್ಲಿ ಹಾಕಿ ನೀರು ಬಿಟ್ರೆ ಕೊತಕೊತ ಕುದಿಯುತ್ತೆ, ಮಕ್ಕಳನ್ನ ಹತ್ತಿರ ಬಿಡಬೇಡಿ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರ್ಲೇಬೇಕು. ಒಂದು ರಾತ್ರಿ ಬಿಟ್ಟು, ಸೋಸಿ, ಅಂಟಿಗೆ ಒಂದಿಷ್ಟು ಫೆವಿಕಾಲ್ ಕಲಸಿ ತೆಂಗಿನ ನಾರಿನ ಬ್ರಷ್ಷಲ್ಲಿ ಬಳಿಯೋದು. ನಾನು ಮಾಡಿದ ತಪ್ಪು ಏನಂದ್ರೆ ಮೂರು ಸಲ ತೆಳ್ಳಗೆ ಹೊಡಿಯೋ ಬದಲು ಒಂದೇ ಸಲ ದೋಸೆ ಹಿಟ್ಟಿನ ಹದದಲ್ಲಿ ದಪ್ಪಗೆ ಬಳಿದೆ, ಅದೂ ಮಧ್ಯಾಹ್ನದ ಬಿಸಿಲಲ್ಲಿ ಒಣಗಿದ ಕಾಂಕ್ರೀಟಿನ ಮೇಲೆ. ನಾಲ್ಕೇ ದಿನಕ್ಕೆ ಹಪ್ಪಳದ ತರ ಎದ್ದು ಬಂತು. ಮತ್ತೆ ಕೆರೆದು, ಸಂಜೆ ಹೊತ್ತು ನೆಲಕ್ಕೆ ನೀರು ಚಿಮುಕಿಸಿ, ಹಾಲಿನ ಹಾಗೆ ತೆಳ್ಳಗೆ ಮಾಡ್ಕೊಂಡು ಮೂರು ಕೋಟು ಹೊಡೆದೆ. ಬೆನ್ನು ಬಿದ್ದೋಯ್ತು. ಆದ್ರೆ ಅದೇ ಗನ್ ಹಿಡಿದು ನೋಡಿದ್ರೆ ರಾತ್ರಿ ಏಳೂವರೆಗೆ ತಾರಸಿಯ ಒಳಮೈ 41 ಇದ್ದಿದ್ದು 36ಕ್ಕೆ ಬಂದಿತ್ತು. ಐದು ಡಿಗ್ರಿ ಅಂದ್ರೆ ಕಡಿಮೆ ಅನ್ನಿಸಬಹುದು, ಮಲಗಿದವರಿಗೆ ಗೊತ್ತಾಗುತ್ತೆ ವ್ಯತ್ಯಾಸ. ಒಟ್ಟು ಖರ್ಚು ಎರಡು ಸಾವಿರದ ಒಳಗೆ.

ಮಳೆಗಾಲ ಬಂತು, ಸುಣ್ಣ ಅರ್ಧ ತೊಳೆದೋಯ್ತು, ಉಳಿದಿದ್ದರ ಮೇಲೆ ಪಾಚಿ ಕಟ್ಟಿ ಟೆರೇಸು ಹಸಿರಾಗಿ, ದೀಪಾವಳಿ ಹೊತ್ತಿಗೆ ಕಪ್ಪಾಯ್ತು. 2024ರ ಫೆಬ್ರವರಿಲಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆದು ಈ ಸಲ ಬಿಸಿಲು ವಾಪಸ್ ಹೊಡೆಯೋ ಬಿಳಿ ಕೂಲ್ ರೂಫ್ ಪೇಂಟ್ ಎರಡು ಕೋಟ್ ಹೊಡೆಸಿದೆ. ಅದು ತೊಳೆದು ಹೋಗಲ್ಲ ಆದ್ರೆ ನಮ್ಮೂರ ಮಳೆಗೆ ಅದರ ಮೇಲೂ ಪಾಚಿ ಬಂದೇ ಬರುತ್ತೆ. ಮೊದಮೊದಲು ಬೇಜಾರಾಗ್ತಿತ್ತು, ಆಮೇಲೆ ಒಂದು ವಿಷಯ ಹೊಳೀತು ನೋಡಿ: ಡಿಸೆಂಬರ್ ಜನವರಿ ಚಳೀಲಿ ನಮಗೆ ಟೆರೇಸು ಬಿಳಿ ಇರೋದು ಬೇಕಾಗೇ ಇಲ್ಲ, ಕಪ್ಪಗಿದ್ದು ಸ್ವಲ್ಪ ಬಿಸಿಲು ಹೀರಿದ್ರೇನೇ ರಾತ್ರಿ ಮನೆ ಬೆಚ್ಚಗಿರುತ್ತೆ. ಮಳೆಗಾಲ ಪಾಪ ಅದನ್ನ ಬಿಟ್ಟಿಯಾಗಿ ಕಪ್ಪು ಮಾಡಿಕೊಟ್ಟು ಹೋಗಿರುತ್ತೆ! ಹಾಗಾಗಿ ಈಗ ದೀಪಾವಳಿಗೆ ತೊಳೆಯೋ ತಂಟೆಗೆ ಹೋಗಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತಲ್ಲ, ಅದರ ಹಿಂದಿನ ವಾರ ಉಜ್ಜಿ ತೊಳೆದು ಬಿಳಿ ಮಾಡ್ತೀನಿ. ಪಾಚಿ ಮೇಲೆ ಜಾರಿ ಬೀಳ್ತೀರ, ಒಣಗಿದ ಮೇಲೇ ಹತ್ತಿ.

ನಡುವೆ ಒಂದು ರೂಮಿಗೆ ಯಾರೋ ಹೇಳಿದ್ರು ಅಂತ ಥರ್ಮಾಕೋಲ್ ಇಟ್ಟು ಫಾಲ್ಸ್ ಸೀಲಿಂಗ್ ಮಾಡ್ಸಿದ್ದೆ, ಹದಿನೆಂಟು ಸಾವಿರ ದಂಡ. ಜುಲೈಲಿ ತಾರಸಿಗೂ ಅದಕ್ಕೂ ಮಧ್ಯೆ ತೇವ ಕೂತು ಬೂಸ್ಟು ವಾಸನೆ, ಎಲ್ಲಿ ಜಿನುಗ್ತಿದೆ ಅಂತಾನೂ ಕಾಣಲ್ಲ. ಕಿತ್ತು ಬಿಸಾಕಿದ್ದಾಯ್ತು.

ಈಗ ನಿಜವಾದ ಕತೆಗೆ ಬರ್ತೀನಿ. 2023ರ ಜುಲೈಲಿ ಗೃಹಜ್ಯೋತಿ ಶುರುವಾಯ್ತು, ನಮ್ಮ ಹಿಂದಿನ ವರ್ಷದ ಸರಾಸರಿ ನೋಡಿ ಅದರ ಮೇಲೆ ಶೇಕಡ 10 ಸೇರಿಸಿ ಫ್ರೀ, ಆದ್ರೆ 200 ಯೂನಿಟ್ ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು. ನಾನು ಬೇಸಿಗೆ ಫ್ಯಾನಿಂದ ಜಾಸ್ತಿ ಬರುತ್ತೆ ಅಂದ್ಕೊಂಡಿದ್ದೆ. ನೋಡಿದ್ರೆ ಫ್ಯಾನೇ ಹಾಕದ ಜುಲೈ ತಿಂಗಳದ್ದು 261 ಯೂನಿಟ್!

ಕರೆಂಟ್ ಎಲ್ಲಿಗೆ ಹೋಗ್ತಿದೆ ಅಂತ ಹುಡುಕಿದ್ದು ಹೀಗೆ. ಮೀಟರಲ್ಲಿ ಒಂದು ಕೆಂಪು ಲೈಟು ಮಿಣಿಮಿಣಿ ಅಂತಿರುತ್ತೆ, ನಮ್ಮ ಮೀಟರ್ ಮೇಲೆ ಒಂದು ಯೂನಿಟ್ಟಿಗೆ 3200 ಸಲ ಅಂತ ಬರೆದಿದೆ. ಎಲ್ಲಾ ಎಂಸಿಬಿ (ಮನೆಯ ಒಂದೊಂದು ಲೈನಿಗೂ ಇರೋ ಮೇನ್ ಸ್ವಿಚ್ಚು) ಆಫ್ ಮಾಡಿ ಒಂದೊಂದೇ ಆನ್ ಮಾಡ್ತಾ, ಒಂದು ನಿಮಿಷಕ್ಕೆ ಎಷ್ಟು ಸಲ ಮಿಣಿಕುತ್ತೆ ಅಂತ ಮಗ ಎಣಿಸಿದ, ನಾನು ಮೊಬೈಲಲ್ಲಿ ಟೈಮ್ ನೋಡ್ದೆ. ಫ್ರಿಜ್ಜು, ಲೈಟು ಎಲ್ಲಾ ಮಾಮೂಲಿ. ಟೆರೇಸಿನದ್ದು ಅಂತ ಚೀಟಿ ಅಂಟಿಸಿದ್ದ ಎಂಸಿಬಿ ಎತ್ತಿದ ತಕ್ಷಣ ಮಗ "ಅಮ್ಮಾ ಎಣಿಸಕ್ಕಾಗ್ತಿಲ್ಲ" ಅಂದ. ಕೊನೆಗೆ ಮೊಬೈಲಲ್ಲಿ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿ ಎಣಿಸಿದ್ವಿ, 107. ಅಂದ್ರೆ ಗಂಟೆಗೆ 6420, ಅದನ್ನ 3200ರಿಂದ ಭಾಗಿಸಿದ್ರೆ ಗಂಟೆಗೆ ಹೆಚ್ಚುಕಡಿಮೆ 2 ಯೂನಿಟ್, ಅಂದ್ರೆ 2 ಕಿಲೋವಾಟ್.

ಅದು ಸೋಲಾರ್ ವಾಟರ್ ಹೀಟರ್ ಟ್ಯಾಂಕೊಳಗಿನ ಬ್ಯಾಕಪ್ ಕಾಯಿಲ್. ಮಳೆಗಾಲಕ್ಕೆ ಇರ್ಲಿ ಅಂತ ಹಾಕಿಕೊಟ್ಟಿದ್ರು, ಸ್ವಿಚ್ಚು ಜೂನಲ್ಲಿ ಹಾಕಿದ್ರೆ ಸೆಪ್ಟೆಂಬರ್ ತನಕ ಆಫೇ ಮಾಡ್ತಿರ್ಲಿಲ್ಲ ನಾವು. ಲೆಕ್ಕ ಹಾಕಿ ನೋಡಿ, 200 ಲೀಟರ್ ಟ್ಯಾಂಕು, ನೀರು 20 ಡಿಗ್ರಿ ಇದ್ದಿದ್ದು 60 ಆಗ್ಬೇಕಂದ್ರೆ 9 ಯೂನಿಟ್ಟಿಗಿಂತ ಜಾಸ್ತಿ ಬೇಕು. ನಾವು ಐದು ಜನ ಸ್ನಾನ ಮಾಡೋದು ಎಲ್ಲಾ ಸೇರಿ 125 ಲೀಟರ್ 40 ಡಿಗ್ರಿ ನೀರಲ್ಲಿ, ಅದಕ್ಕೆ ಬೇಕಾಗಿದ್ದು 3 ಯೂನಿಟ್ ಅಷ್ಟೇ. ಉಳಿದಿದ್ದೆಲ್ಲ ಮಳೆ ಗಾಳೀಲಿ ಟೆರೇಸ್ ಮೇಲೆ ನಿಂತು ನಿಂತು ಆರೋದು, ಮತ್ತೆ ಕಾಯಿಲ್ ಕಾಯಿಸೋದು. ನಾವು ಮೋಡಕ್ಕೆ ಸ್ನಾನ ಮಾಡಿಸ್ತಾ ಇದ್ವಿ.

ಅತ್ತೆದು ಒಂದೇ ಮಾತು, "ಹಂಡೆ ಇಡು ಮಾರಾಯ್ತಿ, ಎಂತಕ್ಕೆ ಇಷ್ಟೆಲ್ಲ ಲೆಕ್ಕ". ಅವರ ತವರಲ್ಲಿ ತೋಟದಲ್ಲಿ ಸವರಿ ಹಾಕಿದ ರೆಂಬೆ ಬೇಕಾದಷ್ಟು, ಬಚ್ಚಲ ಒಲೆ ಬೆಂಕಿ ಆರೋದೇ ಇಲ್ಲ. ಟೌನಲ್ಲಿ ಸೌದೆ ಎಲ್ಲಿ ಇಡೋದು, ಹೊಗೆ ಎಲ್ಲಿಗೆ ಬಿಡೋದು.

ನಾವು ಮಾಡಿದ್ದು ಇಷ್ಟು. ಬ್ಯಾಕಪ್ ಕಾಯಿಲ್ಲಿನ ವೈರ್ ಬಿಚ್ಚಿಸಿದ್ವಿ. ಬಚ್ಚಲಲ್ಲಿ 15 ಲೀಟರಿನ 5 ಸ್ಟಾರ್ ಗೀಸರ್ ಹಾಕಿ, ಸೋಲಾರಿಂದ ಇಳಿಯೋ ಪೈಪನ್ನ ಅದರ ಇನ್‌ಲೆಟ್ಟಿಗೆ ಕೊಟ್ವಿ. ಎಷ್ಟೇ ಮೋಡ ಇದ್ರೂ ಸೋಲಾರ್ ಟ್ಯೂಬು 28, 30 ಡಿಗ್ರಿ ತನಕ ತಂದುಕೊಡುತ್ತೆ, ಉಳಿದ ಹತ್ತು ಡಿಗ್ರಿ ಮಾತ್ರ ಗೀಸರ್ ಕೆಲಸ. ಗೀಸರ್ ಒಳಗೆ ಹೋಗೋದು ಒಂದು ವಾಲ್ವು, ಹೊರಗೆ ಬರೋದು ಒಂದು, ಗೀಸರ್ ತಪ್ಪಿಸಿ ನೇರ ನಲ್ಲಿಗೆ ಹೋಗೋಕೆ ಒಂದು, ಹೀಗೆ ಮೂರು ಇರ್ಲೇಬೇಕು, ಇದನ್ನ ಪ್ಲಂಬರ್ ಬೇಡ ಅಂದ್ರೂ ಬಿಡಬೇಡಿ. ಯಾಕಂದ್ರೆ ಬೇಸಿಗೇಲಿ ಸೋಲಾರ್ ನೀರು 65, 70 ಡಿಗ್ರಿ ಬರುತ್ತೆ, ಅದನ್ನ ಗೀಸರ್ ಒಳಗೆ ಕಳಿಸೋ ಅಗತ್ಯಾನೂ ಇಲ್ಲ, ಎಲ್ಲಾ ಗೀಸರ್ರೂ ಅದನ್ನ ತಡ್ಕೊಳ್ಳುತ್ತೆ ಅಂತಾನೂ ಇಲ್ಲ. ಬೈಪಾಸ್ ಮಾಡಿದಾಗ ಗೀಸರ್ ಸ್ವಿಚ್ ಆಫ್ ಇರ್ಬೇಕು, ನಾನು ಅದರ ಮೇಲೆ ಟೇಪ್ ಅಂಟಿಸ್ತೀನಿ. ಮುಂದಿನ ವರ್ಷ ಜುಲೈಲಿ ಬಂದಿದ್ದು 148 ಯೂನಿಟ್.

ಫ್ಯಾನ್ ನಾಲ್ಕೂ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನೋ ಮೋಟಾರಿನದ್ದು) ಮಾಡ್ಸಿದೀವಿ, ಹಳೇದು 75 ವಾಟ್ ತಿಂತಿದ್ದ ಕಡೆ ಇದು 30ರ ಆಸುಪಾಸು. ಒಂದೇ ಕಿರಿಕಿರಿ ಅಂದ್ರೆ ಇದ್ರೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತೆ, ಏಪ್ರಿಲ್ ಕೊನೇಲಿ ಗುಡುಗು ಸಿಡಿಲಿನ ಮಳೆ ಬಂದಾಗ ಒಂದು ಫ್ಯಾನಿನ ಬೋರ್ಡು ಸುಟ್ಟೋಯ್ತು. ಈಗ ಮೋಡ ಗುಡುಗಿದ್ರೆ ಮೇನ್ ಆಫ್.

ಸಕಲೇಶಪುರದ ಹತ್ರ ಮನೆ ಕಟ್ತಿದ್ದ ನಮ್ಮ ತಮ್ಮ "ಅಕ್ಕ, ನಾನೂ ಸೋಲಾರ್ ಹಾಕ್ಲಾ" ಅಂತ ಕೇಳ್ದ. ಬೇಡ ಅಂದೆ. ಅವನ ಮನೆ ಸುತ್ತ ಸಿಲ್ವರ್ ಓಕ್, ಹನ್ನೊಂದು ಗಂಟೆ ತನಕ ಚಾವಣಿಗೆ ಬಿಸಿಲೇ ಬೀಳಲ್ಲ, ಸಾಲದ್ದಕ್ಕೆ ಮಂಗ, ಗಾಜಿನ ಟ್ಯೂಬು ಒಂದು ವರ್ಷ ಉಳಿದ್ರೆ ಪುಣ್ಯ. ಅವನಿಗೆ ಹೀಟ್ ಪಂಪ್ ಹಾಕ್ಸು ಅಂದೆ. ಫ್ರಿಜ್ಜು ಒಳಗಿನ ಬಿಸಿ ತೆಗೆದು ಹಿಂದೆ ಬಿಡುತ್ತಲ್ಲ, ಇದು ಹೊರಗಿನ ಗಾಳಿಯ ಬಿಸಿ ತೆಗೆದು ನೀರಿಗೆ ಹಾಕುತ್ತೆ, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ. ನಮ್ಮ ಕಡೆ ಮಳೆಗಾಲದಲ್ಲೂ ಗಾಳಿ 20 ಡಿಗ್ರಿ ಹತ್ರ ಇರೋದ್ರಿಂದ ಅದಕ್ಕೆ ಕಷ್ಟ ಇಲ್ಲ. ರೇಟ್ ಮಾತ್ರ ಜಾಸ್ತಿ, ಅವನಿಗೆ ಫಿಟ್ಟಿಂಗ್ ಸೇರಿ ಎಂಬತ್ತು ಸಾವಿರ ದಾಟ್ತು. ಸೋಲಾರ್ ಆಗ್ಲೇ ಇರೋ ನನ್ನಂಥವರು ವರ್ಷಕ್ಕೆ ನಾಲ್ಕು ತಿಂಗಳಿಗೋಸ್ಕರ ಅಷ್ಟು ಹಾಕಿದ್ರೆ ದುಡ್ಡು ವಾಪಸ್ ಬರಲ್ಲ. ಅದರ ಬಾಯಿಂದ ತಣ್ಣನೆ ಗಾಳಿ ಬರುತ್ತೆ ಅಂತ ತಮ್ಮನ ಹೆಂಡ್ತಿ ಅಲ್ಲಿ ಮಳೆಗಾಲದ ಬಟ್ಟೆ ಹರವಿದ್ಲು, ಆ ಗಾಳೀಲಿ ತೇವ ಸ್ವಲ್ಪ ಕಮ್ಮಿಯಾದ್ರೂ ಅದು ತಣ್ಣಗಿರೋದ್ರಿಂದ ಬಟ್ಟೆಯ ನೀರು ಹೀರಲ್ಲ, ಮೂರು ದಿನ ಆದ್ರೂ ಒಣಗ್ಲಿಲ್ಲ.

ಎಸಿ ತಗೊಂಡಿಲ್ಲ ಇನ್ನೂ. ಆದ್ರೆ 2024ರ ಏಪ್ರಿಲಲ್ಲಿ ಒಂದು ಹತ್ತು ರಾತ್ರಿ ಹೊರಗಡೇನೂ ಗಾಳಿ ಅಲ್ಲಾಡ್ದೆ ಒದ್ದಾಡಿದ್ದು ನಿಜ, ಆಗ ಅತ್ತೆ ಒದ್ದೆ ಟವೆಲ್ ಹೊದ್ದು ಹಾಲಲ್ಲಿ ನೆಲದ ಮೇಲೆ ಮಲಗಿದ್ರು. ಕಡೂರಿನ ಅಕ್ಕ ಕೂಲರ್ ಕೊಡ್ತೀನಿ ಅಂದ್ಲು, ಅಲ್ಲಿ ಒಣ ಗಾಳಿಗೆ ಅದು ಚೆನ್ನಾಗಿ ಓಡುತ್ತೆ, ನಮ್ಮಲ್ಲಿ ಮೊದಲ ಮಳೆ ಬಿದ್ದ ಮೇಲೆ ಬರೀ ಸೆಕೆ ಮಾಡುತ್ತೆ ಅಂತ ಬೇಡ ಅಂದೆ.

ಬಾಕಿ ಇರೋದು ಅಡುಗೆಮನೆ ಪೈಪು. ಟೆರೇಸಿಂದ ಸಿಂಕಿಗೆ ಹದಿನಾಲ್ಕು ಮೀಟರ್ ಇದೆ, ಬಿಸಿನೀರು ಬರೋ ಮುಂಚೆ ಮೂರೂವರೆ ಲೀಟರ್ ತಣ್ಣೀರು ಬರುತ್ತೆ. ಪೈಪಿಗೆ ಸುತ್ತೋ ಫೋಮ್ ತರ್ತೀನಿ ಅಂತ ಪ್ಲಂಬರ್ ಯುಗಾದಿಗೆ ಹೇಳಿ ಹೋದವನು ಫೋನ್ ಎತ್ತುತ್ತಿಲ್ಲ, ಸದ್ಯಕ್ಕೆ ಸಿಂಕಲ್ಲಿ ಒಂದು ಬಕೆಟ್ ಇಟ್ಟಿದೀನಿ, ಆ ನೀರು ಅತ್ತೆಯ ಡೇರೆ ಹೂವಿನ ಗಿಡಕ್ಕೆ.