ಇಂಪ್ಲಾಂಟ್ ಬದಲಿಸಬೇಕಾ? ಸರ್ಕಾರಿ ವಿಮೆಗೆ ಅರ್ಜಿ ಹಾಕುವ ಮೊದಲು ಇದನ್ನು ಓದಿ

ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಎದೆಯಲ್ಲಿ ಪೇಸ್‌ಮೇಕರ್ ಇದೆ, ಅದೂ ಎರಡನೆಯದು. ಹಾಗಾಗಿ ಕೌಂಟರಿನ ಎರಡೂ ಕಡೆ ಕೂತು ಬಂದಿದ್ದೇನೆ. ಪೇಸ್‌ಮೇಕರೋ, ಮಂಡಿಯೋ, ಸೊಂಟದ ಕೀಲೋ, ಯಾವುದೇ ಇರಲಿ. ಒಳಗಿರುವುದನ್ನು ತೆಗೆದು ಹೊಸದು ಹಾಕಿಸಲು ಹೊರಟರೆ ಸರ್ಕಾರಿ ವಿಮೆಯವರು ಕೇಳುವುದು ಮುಖ್ಯವಾಗಿ ಒಂದೇ ಮಾತು: ಈಗಲೇ ಯಾಕೆ?

"ಹಳೆಯದಾಯ್ತು" ಅನ್ನುವುದು ಇದಕ್ಕೆ ಉತ್ತರವಲ್ಲ. "ವಯಸ್ಸಾಯ್ತು" ಅನ್ನುವುದಂತೂ ಅಲ್ಲವೇ ಅಲ್ಲ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನಗಳ ಪ್ರಕಾರ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು 82% 25 ವರ್ಷ ಬಾಳುತ್ತವೆ. ಸೊಂಟದ ಕೀಲಿನಲ್ಲಿ ಇದು ಸುಮಾರು 58%. ಹೀಗಿರುವಾಗ "ಹಾಕಿಸಿ 15 ವರ್ಷವಾಯ್ತು" ಎಂದು ಬರೆದರೆ ಫೈಲು ನೋಡುವ ವೈದ್ಯರ ಮನಸ್ಸು ಕರಗುವುದಿಲ್ಲ. ಒಳಗಿರುವುದು ಕೆಟ್ಟಿದೆ ಎಂದು ತೋರಿಸಬೇಕು. ಉಳಿದದ್ದೆಲ್ಲ ಆಮೇಲೆ.

ಮೊದಲು ಇಂಪ್ಲಾಂಟ್ ಕಾರ್ಡ್ ಹುಡುಕಿ. ಆಪರೇಷನ್ ಆದಾಗ ಕೊಟ್ಟಿರುತ್ತಾರೆ. ಕಂಪನಿ, ಮಾಡೆಲ್ ನಂಬರ್, ಸೀರಿಯಲ್ ಅಥವಾ ಲಾಟ್ ನಂಬರ್, ಹಾಕಿದ ತಾರೀಕು ಅದರಲ್ಲಿರುತ್ತವೆ. ಪೇಸ್‌ಮೇಕರ್ ಆದರೆ ಎದೆಯೊಳಗಿನ ಬ್ಯಾಟರಿ ಡಬ್ಬಿಯ ನಂಬರ್ ಬೇರೆ, ಹೃದಯಕ್ಕೆ ಹೋಗುವ ತಂತಿಗಳ ನಂಬರ್ ಬೇರೆ. ಎರಡೂ ಬೇಕು. ಕಾರ್ಡ್ ಕಳೆದಿದ್ದರೆ ಹಳೆಯ ಆಸ್ಪತ್ರೆಯಲ್ಲಿ ಆಪರೇಷನ್ ನೋಟ್ಸ್ ಕೇಳಿ. ಇಂಪ್ಲಾಂಟ್ ಬಂದ ಪೆಟ್ಟಿಗೆಯ ಸ್ಟಿಕರ್‌ಗಳನ್ನು ಕಿತ್ತು ಅದರಲ್ಲೇ ಅಂಟಿಸಿರುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಇದೆಯಲ್ಲ ಅಂತ ಸುಮ್ಮನಾಗಬೇಡಿ, ಅದರಲ್ಲಿ ಎಷ್ಟೋ ಸಲ ನಂಬರ್ ಇರುವುದೇ ಇಲ್ಲ.

ಈ ನಂಬರ್ ಇದ್ದರೆ ಇನ್ನೊಂದು ಲಾಭ. ಆ ಮಾಡೆಲನ್ನು ಕಂಪನಿ ವಾಪಸ್ ಕರೆದಿದೆಯಾ ಎಂದು ನೋಡಬಹುದು. 2010ರಲ್ಲಿ ಡೆಪ್ಯೂ ಕಂಪನಿ ತನ್ನ ಎಎಸ್‌ಆರ್ ಸೊಂಟದ ಕೀಲುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆದಿತ್ತು. ಅಂಥ ಸಂದರ್ಭದಲ್ಲಿ ಖರ್ಚು ವಿಮೆಯದಾ, ಕಂಪನಿಯದಾ ಎಂಬ ಪ್ರಶ್ನೆ ಬರುತ್ತದೆ. ಆದರೆ ವಾಪಸ್ ಕರೆದ ಮಾತ್ರಕ್ಕೆ ಎಲ್ಲರಿಗೂ ಬದಲಿಸುವುದಿಲ್ಲ. ಕೀಲು ಸವೆದು ರಕ್ತಕ್ಕೆ ಸೇರುವ ಕೋಬಾಲ್ಟ್, ಕ್ರೋಮಿಯಂ ಲೋಹಗಳು ಎಷ್ಟಿವೆ, ಸ್ಕ್ಯಾನ್‌ನಲ್ಲಿ ಏನು ಕಾಣುತ್ತದೆ ಎಂದು ನೋಡಿಯೇ ತೀರ್ಮಾನ.

ಈಗ ಸರ್ಜನ್ ಬರೆಯುವ ಪತ್ರ. ಅರ್ಜಿ ಗೆಲ್ಲುವುದೂ ಸೋಲುವುದೂ ಇಲ್ಲೇ. ನಾನು ನೋಡಿದ ಪತ್ರಗಳಲ್ಲಿ ಜಾಸ್ತಿ ಹೀಗಿರುತ್ತಿದ್ದವು: "ಮಂಡಿ ನೋವಿದೆ. ಇಂಪ್ಲಾಂಟ್ ಹಳೆಯದು. ಬದಲಿಸಲು ಸೂಚಿಸಿದೆ." ಇದು ರಿಜೆಕ್ಟ್ ಆಗಲೆಂದೇ ಬರೆದಂತಿದೆ, ಅಲ್ವಾ? ಅದೇ ರೋಗಿಗೆ ಹೀಗೆ ಬರೆಯಬಹುದಿತ್ತು: "ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂರಿಸಿದ ಭಾಗ ಸಡಿಲವಾಗಿದೆ. ಹಿಂದಿನ ಎಕ್ಸ್‌ರೇ ಪಕ್ಕ ಇಟ್ಟು ನೋಡಿದರೆ ಅದು ಕುಸಿದು ಓರೆಯಾಗಿರುವುದು ಕಾಣುತ್ತದೆ. ರಕ್ತ ಪರೀಕ್ಷೆಯಲ್ಲೂ ಕೀಲಿನ ನೀರಿನ ಪರೀಕ್ಷೆಯಲ್ಲೂ ಸೋಂಕಿನ ಸುಳಿವಿಲ್ಲ. ಫಿಸಿಯೋಥೆರಪಿ, ಮಾತ್ರೆ, ಊರುಗೋಲು ಪ್ರಯತ್ನಿಸಿದರೂ ಮೆಟ್ಟಿಲು ಹತ್ತಲಾಗುತ್ತಿಲ್ಲ. ತಡ ಮಾಡಿದರೆ ಮೂಳೆ ಇನ್ನಷ್ಟು ಸವೆದು ಮುಂದಿನ ಆಪರೇಷನ್ ಕಷ್ಟವಾಗುತ್ತದೆ."

ಏನು ಕೆಟ್ಟಿದೆ, ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು, ಬೇರೆ ಏನೇನು ಮಾಡಿ ನೋಡಿದಿರಿ, ಬಿಟ್ಟರೆ ಏನಾಗುತ್ತದೆ. ಪತ್ರದಲ್ಲಿ ಇಷ್ಟೂ ಇರಬೇಕು. ವೈದ್ಯರಿಗೆ ಹೇಳಲು ಸಂಕೋಚ ಬೇಡ. ಇದನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ಒಳ್ಳೆಯ ಸರ್ಜನ್‌ಗಳು ಬೇಜಾರು ಮಾಡಿಕೊಳ್ಳುವುದಿಲ್ಲ. ಹಳೆಯ ಎಕ್ಸ್‌ರೇಗಳನ್ನೂ ಒಯ್ಯಿರಿ. ಒಂದೇ ಫಿಲ್ಮಿನಲ್ಲಿ ಬದಲಾವಣೆ ಕಾಣುವುದಿಲ್ಲ, ಎರಡು ಇದ್ದರೆ ತಾನೇ ಹೋಲಿಸುವುದು.

ಸೋಂಕಾಗಿದ್ದರೆ ಲೆಕ್ಕವೇ ಬೇರೆ. ಆಗ ಎಷ್ಟೋ ಸಲ ಎರಡು ಆಪರೇಷನ್ ಬೇಕಾಗುತ್ತದೆ. ಮೊದಲು ಹಳೆಯದನ್ನು ತೆಗೆದು, ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ತುಂಡು ಇಡುತ್ತಾರೆ. ಸೋಂಕು ಹೋದ ಮೇಲೆ, ವಾರಗಳೋ ತಿಂಗಳುಗಳೋ ಕಳೆದು, ಹೊಸ ಕೀಲು. ಅಪ್ರೂವಲ್ ಕೇಳುವಾಗಲೇ ಎರಡೂ ಹಂತಗಳನ್ನು ಬರೆಸಿ. ಇಲ್ಲದಿದ್ದರೆ ನೀವು ನಡುವೆ ಮಲಗಿರುವಾಗ ಎರಡನೆಯದಕ್ಕೆ ಹೊಸದಾಗಿ ಓಡಾಟ ಶುರುವಾಗುತ್ತದೆ.

ಪೇಸ್‌ಮೇಕರ್‌ನವರಿಗೆ ಇಷ್ಟು ಪಾಡಿಲ್ಲ. ಅದು ತಾನೇ ಸಾಕ್ಷಿ ಹೇಳುತ್ತದೆ. ಕ್ಲಿನಿಕ್‌ನಲ್ಲಿ ಪ್ರೋಗ್ರಾಮರ್ ಎಂಬ ಯಂತ್ರದ ತುದಿಯನ್ನು ಎದೆಯ ಮೇಲೆ ಇಟ್ಟು ಓದಿದಾಗ ಒಂದು ಪ್ರಿಂಟ್ ಬರುತ್ತದೆ. ಬ್ಯಾಟರಿ ಬದಲಿಸುವ ಮಟ್ಟಕ್ಕೆ ಇಳಿದಿದ್ದರೆ ಅದರಲ್ಲಿ ತಾರೀಕಿನ ಸಮೇತ ಇಆರ್‌ಐ (ERI, ಬದಲಿಸುವ ಸಮಯ ಬಂತು ಎಂಬ ಸೂಚನೆ) ಎಂದು ಇರುತ್ತದೆ. ಸಾಮಾನ್ಯವಾಗಿ ಅಲ್ಲಿಂದ ಸುಮಾರು 3 ತಿಂಗಳ ಅವಕಾಶ. ಆ ಪುಟದ ಪ್ರತಿ ಕೇಳಿ ಪಡೆಯಿರಿ, ಅರ್ಜಿಗೆ ಹಚ್ಚಿ. ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ, ಡಬ್ಬಿಯನ್ನು ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಪೂರ್ತಿ ಡಬ್ಬಿ ಹೊಸದು, ತಂತಿ ಚೆನ್ನಾಗಿದ್ದರೆ ಹಳೆಯದೇ. ಎಸ್ಟಿಮೇಟಿನಲ್ಲಿ ಹೊಸ ತಂತಿ ಸೇರಿಸಿದ್ದರೆ ಯಾಕೆಂದು ಕೇಳಿ, ವಿಮೆಯವರೂ ಕೇಳುತ್ತಾರೆ. ಅಂದಹಾಗೆ, 1958ರಲ್ಲಿ ಸ್ವೀಡನ್‌ನಲ್ಲಿ ಮೊದಲ ಬಾರಿಗೆ ಒಳಗೆ ಕೂರಿಸುವ ಪೇಸ್‌ಮೇಕರ್ ಪಡೆದ ಆರ್ನೆ ಲಾರ್ಸನ್ 2001ರವರೆಗೆ ಬದುಕಿದ್ದರು. ಅಷ್ಟರಲ್ಲಿ 20ಕ್ಕೂ ಹೆಚ್ಚು ಸಲ ಬದಲಿಸಿದ್ದರಂತೆ. ಎರಡನೆಯದಕ್ಕೆ ಹೆದರಿದ್ದ ನನಗೆ ಇದನ್ನು ಓದಿ ನಗು ಬಂತು.

ವಾರಂಟಿ ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಪೇಸ್‌ಮೇಕರ್ ಅವಧಿಗೆ ಮುಂಚೆ ಕೆಟ್ಟರೆ ಕಂಪನಿ ಹೊಸದರ ಬೆಲೆಯಲ್ಲಿ ಸ್ವಲ್ಪ ಅಥವಾ ಪೂರ್ತಿ ಬಿಟ್ಟುಕೊಡುವುದುಂಟು. ಆದರೆ ತೆಗೆದ ಡಬ್ಬಿಯನ್ನು ಆಸ್ಪತ್ರೆ ವಾಪಸ್ ಕಳಿಸಬೇಕು. ಆಪರೇಷನ್ ಥಿಯೇಟರಿನಿಂದ ಅದು ಕಸಕ್ಕೆ ಹೋದರೆ ಮುಗಿಯಿತು. ಮೊದಲೇ ಲಿಖಿತವಾಗಿ ಹೇಳಿಡಿ.

ಚೆಂದಕ್ಕಾಗಿ ಹಾಕಿಸಿದ್ದಕ್ಕೂ ಕಾಯಿಲೆಗಾಗಿ ಹಾಕಿಸಿದ್ದಕ್ಕೂ ವಿಮೆ ಬೇರೆ ಬೇರೆ ತಕ್ಕಡಿ ಹಿಡಿಯುತ್ತದೆ. ಫ್ರಾನ್ಸಿನ ಪಿಐಪಿ ಕಂಪನಿಯ ಸ್ತನ ಇಂಪ್ಲಾಂಟ್‌ಗಳು ಕಳಪೆ ಎಂದು ಗೊತ್ತಾದ ಮೇಲೆ, 2011ರ ಕೊನೆಗೆ ಅಲ್ಲಿನ ಸರ್ಕಾರ ತೆಗೆಸಿಕೊಳ್ಳಿ ಎಂದು ಸುಮಾರು 30,000 ಮಹಿಳೆಯರಿಗೆ ಸಲಹೆ ನೀಡಿತು. ತೆಗೆಯುವ ಖರ್ಚು ಎಲ್ಲರಿಗೂ ಸಿಕ್ಕಿತು. ಹೊಸದು ಹಾಕುವ ಖರ್ಚು ಕ್ಯಾನ್ಸರ್ ನಂತರ ಹಾಕಿಸಿಕೊಂಡಂಥವರಿಗೆ ಮಾತ್ರ. ಹಾಗಾಗಿ ಅರ್ಜಿಯಲ್ಲಿ ತೆಗೆಯುವುದನ್ನೂ ಹಾಕುವುದನ್ನೂ ಬೇರೆ ಬೇರೆಯಾಗಿ ಕೇಳಿ. ಒಂದು ಹೋದರೂ ಇನ್ನೊಂದು ಉಳಿಯಲಿ.

ದುಬಾರಿ ಮಾಡೆಲ್ ಬೇಕೆಂದರೆ ವ್ಯತ್ಯಾಸ ಯಾರ ಜೇಬಿನಿಂದ ಎಂದು ಮೊದಲೇ ಕೇಳಿ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ ಕಣ್ಣಿನ ಪೊರೆ ಆಪರೇಷನ್ನಿಗೆ ಸಾಧಾರಣ ಲೆನ್ಸಿನ ದುಡ್ಡು ಕೊಡುತ್ತದೆ, ದೂರ-ಹತ್ತಿರ ಎರಡೂ ಕಾಣಿಸುವ ಮಲ್ಟಿಫೋಕಲ್ ಬೇಕೆಂದರೆ ಮೇಲಿನದು ರೋಗಿಯದು. ಕೆಲವು ಯೋಜನೆಗಳಲ್ಲಿ ಹಾಗೆ ಮೇಲೆ ಸೇರಿಸಿ ಕಟ್ಟಲು ಬಿಡುವುದೇ ಇಲ್ಲ.

ಆಗಷ್ಟೇ ನಿವೃತ್ತಿಯಾದವರು ತಾರೀಕು ನೋಡಿಕೊಳ್ಳಿ. ಕೆಲಸದಲ್ಲಿದ್ದಾಗಿನ ವಿಮೆಯಲ್ಲಿ ಸಿಕ್ಕ ಅಪ್ರೂವಲ್ ಹೊಸ ವಿಮೆಗೆ ತಾನಾಗೇ ಬರುವುದಿಲ್ಲ. ಎರಡೂ ಚಾಲ್ತಿಯಲ್ಲಿದ್ದರೆ ಮೊದಲು ಯಾವುದು ಕಟ್ಟಬೇಕು ಎಂಬ ನಿಯಮ ಇರುತ್ತದೆ, ಅದನ್ನು ತಿಳಿದೇ ಕ್ಲೇಮ್ ಹಾಕಿ. ಅಪ್ರೂವಲ್ ಪತ್ರಕ್ಕೂ ಕೊನೆಯ ದಿನವಿರುತ್ತದೆ. ಆಪರೇಷನ್ ಮುಂದೆ ಹೋದರೆ ಪತ್ರವನ್ನೂ ನವೀಕರಿಸಿ. "ವಿಮೆ ಕೊಡದಿದ್ದರೆ ನಾನೇ ಕಟ್ಟುತ್ತೇನೆ" ಎಂಬ ಫಾರಂ ಅಡ್ಮಿಷನ್ ಹೊತ್ತಿನ ಕಾಗದಗಳ ನಡುವೆ ಬಂದರೆ, ಎಷ್ಟು ದುಡ್ಡು ಎಂದು ಬರೆಸದೆ ಸಹಿ ಹಾಕಬೇಡಿ.

ರಿಜೆಕ್ಟ್ ಆದರೆ ಫೋನಿನಲ್ಲಿ ಜಗಳವಾಡಬೇಡಿ, ಪತ್ರ ಓದಿ. "ದಾಖಲೆ ಸಾಲದು" ಎಂದಿದ್ದರೆ ಕೇಳಿದ್ದನ್ನು ಕೊಟ್ಟು ಮತ್ತೆ ಹಾಕಿ. "ವೈದ್ಯಕೀಯವಾಗಿ ಅಗತ್ಯವಿಲ್ಲ" ಎಂದಿದ್ದರೆ ನಿಮ್ಮ ಸರ್ಜನ್ ವಿಮೆಯ ವೈದ್ಯರ ಜೊತೆ ನೇರವಾಗಿ ಮಾತಾಡುವ ಅವಕಾಶ ಇದೆಯಾ ಕೇಳಿ. ನಾನಿದ್ದ ಕೌಂಟರಿನಲ್ಲಿ ಮೇಲ್ಮನವಿಗಿಂತ ಬೇಗ ಕೆಲಸವಾಗುತ್ತಿದ್ದುದು ಇದರಿಂದ. ಅದೂ ಆಗದಿದ್ದರೆ ಮೇಲ್ಮನವಿ. ಗಡುವನ್ನು ಎಲ್ಲಿಂದ ಎಣಿಸುತ್ತಾರೆ, ಪತ್ರದ ತಾರೀಕಿನಿಂದಲಾ, ಕೈಗೆ ತಲುಪಿದ ದಿನದಿಂದಲಾ ಎಂದು ಕೇಳಿಕೊಳ್ಳಿ. ಲಕೋಟೆಯನ್ನೂ ಎಸೆಯದೆ ಇಟ್ಟುಕೊಳ್ಳಿ, ಅಂಚೆ ಮೊಹರು ಅದರ ಮೇಲಿರುತ್ತದೆ.