ಹೊಸ ಲ್ಯಾಪ್‌ಟಾಪ್ ಬಂದ ಮೇಲೂ ಪುಸ್ತಕ ಓದೋದು ಹೇಗೆ

ಮಾರ್ಚ್‌ನಲ್ಲಿ ನನಗೆ ಹೊಸ ಲ್ಯಾಪ್‌ಟಾಪ್ ಬಂತು. ಏಪ್ರಿಲ್ ಕೊನೆಗೆ ನೋಡಿದರೆ ದಿಂಬಿನ ಪಕ್ಕದ ಕಾದಂಬರಿಯಲ್ಲಿ ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಇನ್ನೂ 112ನೇ ಪುಟದಲ್ಲೇ ಇತ್ತು. ಅದಕ್ಕೆ ಮುಂಚೆ ತಿಂಗಳಿಗೆ ಮೂರು ಪುಸ್ತಕ ಮುಗಿಸುತ್ತಿದ್ದವನು ನಾನು. ಮೆಷಿನ್ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೇ ಬಂತು. ರಜೆಯಲ್ಲಿ ಕೂತು ಅದನ್ನು ಓದೋಕೆ ತಕ್ಕ ಹಾಗೆ ತಿದ್ದಿಕೊಂಡೆ. ಕಾಲೇಜು ಸೇರಿದ ತಮ್ಮ ತಂಗಿಯರಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಕೊಡಿಸೋ ಸಮಯ ಇದು, ಹಾಗಾಗಿ ಏನೇನು ಮಾಡಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ಕೊಳ್ಳುವ ಮಾತು. ಅಂಗಡಿಯಲ್ಲಿ ಎಲ್ಲರೂ ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್ ಅಂತಲೇ ಶುರು ಮಾಡುತ್ತಾರೆ. ಓದುವವರು ಮೊದಲು ನೋಡಬೇಕಾದದ್ದು ಪರದೆ. ಒಂದು ಬಿಳಿ ಪುಟ ತೆರೆದು ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ನೋಡಿ. ಬಣ್ಣ ಕಪ್ಪಾಗಿ ತಿರುಗಿದರೆ ಅದನ್ನು ಬಿಡಿ, ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಪರದೆ ಇರುವುದನ್ನೇ ಕೇಳಿ. ಬೆಳಕನ್ನು ನಿಟ್ಸ್ ಅಂತ ಅಳೆಯುತ್ತಾರೆ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ 250 ಇರುತ್ತದೆ, ಕಿಟಕಿ ಪಕ್ಕ ಕೂತು ಓದೋಕೆ 300 ಆದರೂ ಬೇಕು. ಹೊಳೆಯುವ ಗಾಜಿನ ಪರದೆಯಲ್ಲಿ ಅಕ್ಷರಕ್ಕಿಂತ ನಿಮ್ಮ ಮುಖವೇ ಜಾಸ್ತಿ ಕಾಣುತ್ತದೆ, ಮ್ಯಾಟ್ ಇರಲಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಪರದೆಯ ಆಕಾರ. 16:9 ಅಂದರೆ ಸಿನಿಮಾ ನೋಡೋಕೆ ಮಾಡಿದ ಆಕಾರ, 1920 ಚುಕ್ಕಿ (ಪಿಕ್ಸೆಲ್) ಅಗಲಕ್ಕೆ 1080 ಎತ್ತರ. 16:10 ಆದರೆ ಎತ್ತರ 1200. ಆ 120ರಲ್ಲಿ ಮೂರ್ನಾಲ್ಕು ಸಾಲು ಜಾಸ್ತಿ ಕಾಣುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಪ್ರತಿ ಪುಟಕ್ಕೂ ಮೂರ್ನಾಲ್ಕು ಸಾಲು ಅಲ್ವಾ.

ನಾನು ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಒಂದು ಹಳೇ ಕನ್ನಡ ಪುಸ್ತಕದ ಸ್ಕ್ಯಾನ್ ಹಾಕಿಕೊಂಡು ಹೋಗಿದ್ದೆ. ಹಳದಿ ಕಾಗದ, ಮಸುಕು ಅಕ್ಷರ, ಅಂಥದ್ದು. ನಾಲ್ಕು ಲ್ಯಾಪ್‌ಟಾಪ್‌ಗಳಲ್ಲಿ ಅದೇ ಪುಟ ತೆರೆದು ಒತ್ತಕ್ಷರ ಸರಿಯಾಗಿ ಕಾಣುತ್ತದಾ ನೋಡಿದೆ. ಅಂಗಡಿಯವರು "ಇದನ್ನ ಓದೋಕೆ ಇಷ್ಟು ದುಡ್ಡು ಕೊಡ್ತೀರಾ?" ಅಂತ ನಕ್ಕರು. ನಗಲಿ ಬಿಡಿ. ನೀವೂ ಹೀಗೇ ಮಾಡಿ, ಹತ್ತು ನಿಮಿಷದ ಕೆಲಸ.

ಉಳಿದದ್ದು ಬೇಗ ಹೇಳುತ್ತೇನೆ. ರ್‍ಯಾಮ್ 8 ಜಿಬಿ ಓದೋಕೆ ಸಾಕು, ಕಾಲೇಜಿನ ಪ್ರಾಜೆಕ್ಟೂ ಇದ್ದರೆ 16 ಒಳ್ಳೆಯದು. ಆಮೇಲೆ ಹೆಚ್ಚಿಸೋಕೆ ಆಗುತ್ತದಾ ಅಂತ ಕೊಳ್ಳುವಾಗಲೇ ಕೇಳಿ, ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ. ಜಾಗದ ಚಿಂತೆ ಬೇಡ, ಸ್ಕ್ಯಾನ್ ಪುಸ್ತಕ ಒಂದಕ್ಕೆ 50 ಎಂಬಿ ಅಂತ ಹಿಡಿದರೂ ಸಾವಿರ ಪುಸ್ತಕಕ್ಕೆ 50 ಜಿಬಿ, ಅಷ್ಟೇ. ಹಳೇ ಲ್ಯಾಪ್‌ಟಾಪ್ ಕೊಳ್ಳುವವರು ವಿಂಡೋಸ್ 11 ಓಡುತ್ತದಾ ಅಂತ ನೋಡಿಕೊಳ್ಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಮನೆಗೆ ತಂದ ದಿನವೇ ಒಂದು ಕೆಲಸ ಮಾಡಿ. ವಿಂಡೋಸ್ 11ರಲ್ಲಿ ಡಿಸ್ಕಿಗೆ ತಾನೇ ಬೀಗ ಬಿದ್ದಿರಬಹುದು, ಬಿಟ್‌ಲಾಕರ್ ಅಂತಾರೆ. ಅದರ ಕೀಲಿ 48 ಅಂಕಿಯ ಒಂದು ಸಂಖ್ಯೆ, ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಅದನ್ನು ಕಾಗದದ ಮೇಲೆ ಬರೆದು ಬಿಲ್ ಜೊತೆ ಇಡಿ. ನಮ್ಮ ಹಾಸ್ಟೆಲ್‌ನ ಸೀನಿಯರ್ ಒಬ್ಬರು ಆ ಸಂಖ್ಯೆ ಎಲ್ಲಿದೆ ಅಂತ ಗೊತ್ತಿಲ್ಲದೆ ಪ್ರಾಜೆಕ್ಟ್ ಕೊಡುವ ಹಿಂದಿನ ರಾತ್ರಿ ಕೂತು ಅತ್ತಿದ್ದು ನಾನು ನೋಡಿದ್ದೇನೆ.

ಈಗ ಕನ್ನಡ. ಓದೋಕೆ ಏನೂ ಹಾಕಬೇಕಾಗಿಲ್ಲ, ವಿಂಡೋಸ್‌ನಲ್ಲಿ ನಿರ್ಮಲಾ ಅನ್ನೋ ಫಾಂಟ್ ಇದ್ದೇ ಇರುತ್ತದೆ. ನನಗೆ ದೀರ್ಘ ಓದಿಗೆ ನೋಟೋ ಸೆರಿಫ್ ಕನ್ನಡ ಇಷ್ಟ, ಅಚ್ಚಿನ ಪುಸ್ತಕದ ಹತ್ತಿರ ಬರುತ್ತದೆ, ಪುಕ್ಕಟೆ ಸಿಗುತ್ತದೆ. ಟೈಪ್ ಮಾಡೋಕೆ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿ, ಕೀಬೋರ್ಡ್‌ಗಳಲ್ಲಿ ಕನ್ನಡ ಫೋನೆಟಿಕ್ ಆರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ನಿಮಗೆ ನುಡಿ ತಂತ್ರಾಂಶ ರೂಢಿ ಇದ್ದರೆ ಅದನ್ನೇ ಹಾಕಿಕೊಳ್ಳಿ. ಕೆ.ಪಿ. ರಾವ್ ಅವರು ರೂಪಿಸಿದ ಅದರ ಕೀಬೋರ್ಡ್ ವಿನ್ಯಾಸ ಒಮ್ಮೆ ಕೈಗೆ ಬಂದರೆ ಬಿಡೋಕೆ ಆಗುವುದಿಲ್ಲ. ಎಫ್ ಕೀ ಒತ್ತಿಗೆ, ಅಂದರೆ ಅಮ್ಮ ಅಂತ ಬರೆಯೋಕೆ ಎ, ಎಂ, ಎಫ್, ಎಂ. ನಾಲ್ಕೇ ಕೀ. ಲಿನಕ್ಸ್ ಬಳಸುವವರಿಗೂ ಅಲ್ಲಿ ಟೈಪ್ ಮಾಡೋಕೆ ಇರುವ ಐಬಸ್‌ನಲ್ಲಿ ಇದೇ ವಿನ್ಯಾಸ ಕೆಜಿಪಿ ಅನ್ನೋ ಹೆಸರಿನಲ್ಲಿ ಸಿಗುತ್ತದೆ.

ಇಲ್ಲಿ ಒಂದು ತೊಂದರೆ ಎದುರಾಗೇ ಆಗುತ್ತದೆ. ಹಳೇ ಕಡತ ಒಂದನ್ನು ತೆರೆದರೆ ಕನ್ನಡದ ಬದಲು ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹುಚ್ಚಾಪಟ್ಟೆ. ಇಂಥ ಪಿಡಿಎಫ್ ಕಣ್ಣಿಗೆ ಕನ್ನಡವಾಗಿಯೇ ಕಂಡರೂ ಅದರೊಳಗೆ ಪದ ಹುಡುಕಿದರೆ ಸಿಗುವುದಿಲ್ಲ, ಕಾರಣ ಇದೇ. ಈ ಹಳೇ ಪದ್ಧತಿಗೆ ಆಸ್ಕಿ ಅಂತಾರೆ. ಅದರಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಒಂದನ್ನು ಗುರುತು ಮಾಡಿಟ್ಟುಕೊಳ್ಳಿ.

ಪುಸ್ತಕ ಎಲ್ಲಿ? ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೇ ಪುಸ್ತಕಗಳ ಸ್ಕ್ಯಾನ್ ರಾಶಿ ಇದೆ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮಾಡಿದ್ದೂ ಅಲ್ಲಿ ಬಂದು ಸೇರಿದೆ. ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಕೆಲವು ಸಲ ಸಿಗುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕಿ, ಕಾಗುಣಿತ ಮೂರು ನಾಲ್ಕು ಥರ ಬದಲಿಸಿ ನೋಡಿ, ಯಾಕೆಂದರೆ ಸ್ಕ್ಯಾನ್ ಮಾಡಿದವರು ಹೆಸರನ್ನು ಮನಸ್ಸಿಗೆ ಬಂದ ಹಾಗೆ ಬರೆದಿರುತ್ತಾರೆ, ನನಗೆ ಬೇಕಾಗಿದ್ದ ಒಂದು ಪುಸ್ತಕ ಐದನೇ ಸಲಕ್ಕೆ ಸಿಕ್ಕಿತು. ಸ್ಕ್ಯಾನ್ ಬೇಡ, ಪಠ್ಯವೇ ಬೇಕು ಅಂದರೆ ಕನ್ನಡ ವಿಕಿಸೋರ್ಸ್ ಇದೆ. ನಿರಂಜನರ ಬರಹಗಳನ್ನು ಅವರ ಮನೆಯವರು ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದಾರೆ.

ಯಾವುದು ಇಳಿಸಿಕೊಳ್ಳಬಹುದು, ಯಾವುದು ಕಳ್ಳಮಾಲು ಅಂತ ತಿಳಿಯೋಕೆ ಸುಲಭ ಲೆಕ್ಕ ಇದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತದೆ. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ, ಹಾಗಾಗಿ 2024ರ ಜನವರಿ 1ರಿಂದ ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳೆಲ್ಲ ಎಲ್ಲರ ಸ್ವತ್ತು. ಕುವೆಂಪು 1994ರಲ್ಲಿ ತೀರಿಕೊಂಡರು, ಅವರದ್ದು 2055ಕ್ಕೆ. ಆಗ ನನಗೆ 50 ದಾಟಿರುತ್ತದೆ, ಕಾಯೋ ಬದಲು ಕೊಂಡು ಓದಿಬಿಟ್ಟೆ. ಹೊಸ ಪುಸ್ತಕಗಳ ಪಿಡಿಎಫ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ, ನನಗೂ ಬರುತ್ತದೆ. ಸಾವಿರ ಪ್ರತಿ ಖರ್ಚಾದರೆ ಹಬ್ಬ ಮಾಡುವ ಪ್ರಕಾಶಕರ ಹೊಟ್ಟೆ ಮೇಲೆ ಹೊಡೆಯೋಕೆ ಮನಸ್ಸು ಬರುವುದಿಲ್ಲ. ಅದೂ ಅಲ್ಲದೆ ಹಾಗೆ ಬಂದ ಪಿಡಿಎಫ್ ಒಂದನ್ನೂ ನಾನು ಪೂರ್ತಿ ಓದಿದ ನೆನಪಿಲ್ಲ. ದುಡ್ಡು ಕೊಟ್ಟಿದ್ದರೆ ಓದುತ್ತಿದ್ದೆನೇನೋ.

ಓದುವ ತಂತ್ರಾಂಶ ಎರಡು ಸಾಕು. ಪಿಡಿಎಫ್‌ಗೆ ಸುಮಾತ್ರ, ಬಹಳ ಹಗುರ, ಕಳೆದ ಸಲ ಬಿಟ್ಟ ಪುಟದಲ್ಲೇ ತೆರೆಯುತ್ತದೆ, ಎಫ್11 ಒತ್ತಿದರೆ ಪರದೆ ತುಂಬ ಪುಟ ಒಂದೇ. ಇ-ಪಬ್ ಪುಸ್ತಕಗಳಿಗೆ (ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಹೊಂದಿಕೊಳ್ಳುವ ಇ-ಪುಸ್ತಕ), ಮತ್ತೆ ಎಲ್ಲವನ್ನೂ ಜೋಡಿಸಿಡೋಕೆ ಕ್ಯಾಲಿಬರ್. 2006ರಲ್ಲಿ ಕೋವಿದ್ ಗೋಯಲ್ ಅವರು ವಿದ್ಯಾರ್ಥಿಯಾಗಿದ್ದಾಗ ತಮ್ಮ ಸೋನಿ ರೀಡರ್ ಅನ್ನೋ ಇ-ಪುಸ್ತಕ ಓದುವ ಸಾಧನಕ್ಕೋಸ್ಕರ ಶುರು ಮಾಡಿದ್ದು ಅದು, ಇವತ್ತಿಗೂ ಪುಕ್ಕಟೆ. ಅದರ ಓದುವ ಕಿಟಕಿಯಲ್ಲಿ ಸಾಲುಗಳ ನಡುವಿನ ಅಂತರವನ್ನು 1.6ರ ಆಸುಪಾಸಿಗೆ ಇಡಿ. ಇಂಗ್ಲಿಷಿಗೆ ಸರಿ ಇರುವ ಅಂತರ ಕನ್ನಡಕ್ಕೆ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗಲುತ್ತದೆ.

ಸ್ಕ್ಯಾನ್ ಓದೋಕೆ ನನ್ನ ನೆಚ್ಚಿನ ಉಪಾಯ ಬೇರೆಯೇ ಇದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಓರಿಯಂಟೇಶನ್ ಅನ್ನು ಪೋರ್ಟ್ರೇಟ್ ಮಾಡಿ ಲ್ಯಾಪ್‌ಟಾಪನ್ನೇ ಅಡ್ಡ ತಿರುಗಿಸಿ ಪುಸ್ತಕದ ಹಾಗೆ ಹಿಡಿದುಕೊಳ್ಳಿ. ನಗಬೇಡಿ. ನನ್ನದು 14 ಇಂಚಿನದು, ಪರದೆಯ ಎತ್ತರ ಸುಮಾರು 19 ಸೆಂಟಿಮೀಟರ್. ಕನ್ನಡ ಕಾದಂಬರಿಗಳ ಸಾಮಾನ್ಯ ಅಳತೆಯಾದ 1/8 ಡೆಮಿ ಪುಸ್ತಕದ ಪುಟ ಸುಮಾರು 21.5 ಸೆಂಟಿಮೀಟರ್ ಎತ್ತರ, 14 ಅಗಲ. ಸುಮ್ನೆ ಇಟ್ಟು ನೋಡಿದರೆ ಇಡೀ ಪುಟ ನಿಜವಾದ ಪುಸ್ತಕಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ತಿರುಗಿಸಿದರೆ 14 ಸೆಂಟಿಮೀಟರಿನ ಪುಟಕ್ಕೆ 19 ಸೆಂಟಿಮೀಟರ್ ಅಗಲ ಸಿಗುತ್ತದೆ, ಅಕ್ಷರ ದಪ್ಪಗೆ ಕಾಣುತ್ತದೆ. ಮೌಸ್ ಮಾತ್ರ ದಿಕ್ಕು ತಪ್ಪಿದ ಹಾಗೆ ಓಡುತ್ತದೆ, ಪುಟ ತಿರುಗಿಸೋಕೆ ಸ್ಪೇಸ್ ಕೀ ಇದೆಯಲ್ಲ. ಹಾಸಿಗೆ ಮೇಲೆ ಇಟ್ಟುಕೊಂಡರೆ ಗಾಳಿ ಹೋಗುವ ಕಿಂಡಿಗೆ ರಗ್ಗು ಮುಚ್ಚದ ಹಾಗೆ ನೋಡಿಕೊಳ್ಳಿ.

ಹಳೇ ಪುಸ್ತಕದಲ್ಲಿ ಗೊತ್ತಿಲ್ಲದ ಪದ ಬರುತ್ತಲೇ ಇರುತ್ತದೆ. ಅಲರ್ ಅನ್ನೋ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದಿಟ್ಟುಕೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ್ದು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ ಇದೆ, 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕನ್ನಡದಲ್ಲೇ ಅರ್ಥ ಬೇಕು ಅಂದರೆ ಭಾರತವಾಣಿ ಜಾಲತಾಣದಲ್ಲಿ ಹಲವು ನಿಘಂಟು ಇವೆ. ಪುಸ್ತಕ ಓದುತ್ತಾ ಪಕ್ಕದಲ್ಲೇ ನಿಘಂಟು ನೋಡುವ ಈ ಸುಖ ಕಾಗದದಲ್ಲಿ ಇಲ್ಲ, ಒಪ್ಪಲೇಬೇಕು. ಸ್ಕ್ಯಾನ್ ಪುಟವನ್ನು ಪಠ್ಯ ಮಾಡಬೇಕಾದರೆ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ. ಪ ಮತ್ತು ಷ, ಥ ಮತ್ತು ಧ ಅದಲು ಬದಲು ಆಗಬಹುದು, ತಿದ್ದಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಲ್ಯಾಪ್‌ಟಾಪ್ ತೆರೆದ ಕೂಡಲೇ ಕೈ ಬ್ರೌಸರ್‌ಗೇ ಹೋಗುತ್ತದೆ. ಇದಕ್ಕೆ ನಾನು ಆಪ್ ಹಾಕಿ ನೋಡಿದೆ, ಟೈಮರ್ ಇಟ್ಟು ನೋಡಿದೆ, ಯಾವುದೂ ಮೂರು ದಿನ ದಾಟಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಇದು: ವಿಂಡೋಸ್‌ನಲ್ಲಿ ಎರಡನೇ ಯೂಸರ್ ಖಾತೆ ಮಾಡಿ ಅದಕ್ಕೆ "ಓದು" ಅಂತ ಹೆಸರಿಟ್ಟೆ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಅಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸಿ. ಆ ಖಾತೆಯಲ್ಲಿ ಯಾವ ಸೈಟಿಗೂ ಲಾಗಿನ್ ಆಗಿಲ್ಲ, ಮೆಸೇಜ್ ಬರುವುದಿಲ್ಲ, ಡೆಸ್ಕ್‌ಟಾಪ್ ಮೇಲೆ ಪುಸ್ತಕಗಳ ಫೋಲ್ಡರ್ ಒಂದು, ಒಂದು ನೋಟ್‌ಪ್ಯಾಡ್ ಕಡತ. ವಿಡಿಯೋ ನೋಡಬೇಕು ಅಂದರೆ ಅಲ್ಲಿಂದ ಹೊರಗೆ ಬಂದು ಇನ್ನೊಂದು ಖಾತೆಗೆ ಹೋಗಬೇಕು. ಆ ಅರ್ಧ ನಿಮಿಷದ ಸೋಮಾರಿತನವೇ ನನ್ನನ್ನು ಕಾಪಾಡುತ್ತಿದೆ.

ನೋಟ್‌ಪ್ಯಾಡ್ ಕಡತದಲ್ಲಿ ತಾರೀಕು, ಪುಟ, ಅನ್ನಿಸಿದ ಒಂದು ಮಾತು. ಉದ್ದ ಬರೆಯೋಕೆ ಹೋಗಬೇಡಿ, ನಾಲ್ಕನೇ ದಿನಕ್ಕೆ ನಿಂತುಹೋಗುತ್ತದೆ. "ಈ ಪಾತ್ರ ಥೇಟ್ ನಮ್ಮ ಚಿಕ್ಕಪ್ಪ", ಇಂಥದ್ದು ಸಾಕು. ಕನ್ನಡ ಯೂನಿಕೋಡ್‌ನಲ್ಲೇ ಬರೆಯಿರಿ, ಮುಂದೆ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ. ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ನಕಲು.

ಹೊಸ ಕಾದಂಬರಿ ಮಾತ್ರ ನಾನು ಇನ್ನೂ ಕಾಗದದಲ್ಲೇ ಓದುತ್ತೇನೆ. ಮುನ್ನೂರು ಪುಟ ಪರದೆಯಲ್ಲಿ ಓದಿದರೆ ಕಣ್ಣು ಉರಿಯುತ್ತದೆ, ಪರದೆಯ ನೀಲಿ ಬೆಳಕು ತಗ್ಗಿಸುವ ನೈಟ್ ಲೈಟ್ ಸೆಟ್ಟಿಂಗ್ ಹಾಕಿದರೂ ಅಷ್ಟೇ. ಕಾಗದದಲ್ಲಿ ಸಿಗದ ಹಳೇ ಪುಸ್ತಕ, ನಿಘಂಟು ಬೇಕಾಗುವ ಪುಸ್ತಕ, ಸಣ್ಣ ಕಥೆ, ಪ್ರಬಂಧ, ಇವಕ್ಕೆ ಲ್ಯಾಪ್‌ಟಾಪ್. ಹೀಗೆ ಪಾಲು ಮಾಡಿಕೊಂಡ ಮೇಲೆ 112ನೇ ಪುಟದ ಬಸ್ ಟಿಕೆಟ್ಟೂ ಮುಂದೆ ಹೋಯಿತು.

ಮೇ ತಿಂಗಳಲ್ಲಿ ಸಾಗರದ ಹತ್ತಿರದ ನಮ್ಮ ಮನೆಗೆ ಹೋಗಿದ್ದಾಗ ಅಜ್ಜಿಗೆ ತ್ರಿವೇಣಿಯವರ ಒಂದು ಕಾದಂಬರಿಯ ಸ್ಕ್ಯಾನ್ ತೆರೆದು ತೋರಿಸಿದೆ. ಮದುವೆಗೆ ಮುಂಚೆ ಓದಿದ್ದರಂತೆ, ಆಮೇಲೆ ಕಣ್ಣಿಗೂ ಬಿದ್ದಿರಲಿಲ್ಲ. ಪೊರೆ ಆಪರೇಷನ್ ಆದ ಕಣ್ಣು, ಅಚ್ಚಿನ ಸಣ್ಣ ಅಕ್ಷರ ಆಗುವುದಿಲ್ಲ. ಅಕ್ಷರ ಹೆಬ್ಬೆರಳಿನಷ್ಟು ಆಗುವವರೆಗೆ ಹಿಗ್ಗಿಸಿ, ಸ್ಪೇಸ್ ಕೀಗೆ ಒಂದು ಚೂರು ಕುಂಕುಮ ಹಚ್ಚಿಕೊಟ್ಟೆ. ಅದನ್ನು ಒತ್ತಿದರೆ ಮುಂದಕ್ಕೆ ಹೋಗುತ್ತದೆ ಅಂತ ಒಂದೇ ಸಲ ಹೇಳಿದ್ದು. ಮೂರು ದಿನ ಲ್ಯಾಪ್‌ಟಾಪ್ ನನ್ನ ಕೈಗೆ ಸಿಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಚಾರ್ಜರ್ ಸುತ್ತಿ ಕೈಗೆ ಕೊಡುತ್ತಾ, "ಇನ್ನೂ 40 ಪುಟ ಇತ್ತು ಮಾರಾಯ, ಇವತ್ತೇ ಹೋಗಬೇಕಾ?" ಅಂದರು. ಸಂಜೆಯ ಬಸ್ಸಿಗೆ ಹೋದೆ.