ಕುಂಬಳಕಾಯಿ ಸ್ಕೋನ್: ಚಪಾತಿ ನಾದುವ ಕೈ ಇಲ್ಲಿ ಬೇಡ

ಅಕ್ಟೋಬರ್ ಬಂತೆಂದರೆ ಇಲ್ಲಿ ನ್ಯೂಜೆರ್ಸಿಯಲ್ಲಿ ಕಾಫಿಯಿಂದ ಹಿಡಿದು ಮೇಣದಬತ್ತಿವರೆಗೆ ಎಲ್ಲದಕ್ಕೂ ಪಂಪ್ಕಿನ್ ಸ್ಪೈಸ್ ವಾಸನೆ. ಆ ಪುಡಿಯಲ್ಲಿ ಕುಂಬಳಕಾಯಿ ಒಂದು ಚೂರೂ ಇರುವುದಿಲ್ಲ. ಕುಂಬಳಕಾಯಿ ಪೈ ಅನ್ನುವ ಸಿಹಿತಿಂಡಿಗೆ ಹಾಕುವ ಮಸಾಲೆ ಅದು, ಅಷ್ಟೇ. ಮೆಕ್ಕಾರ್ಮಿಕ್ ಕಂಪನಿ 1934ರಲ್ಲೇ ಅದನ್ನು ಡಬ್ಬಿಗೆ ತುಂಬಿ ಮಾರಲು ಶುರು ಮಾಡಿತ್ತು. ನಮ್ಮ ಮನೆಗಳಲ್ಲಿ ಚಕ್ಕೆ, ಲವಂಗ, ಜಾಯಿಕಾಯಿ, ಒಣ ಶುಂಠಿ ಹೇಗೂ ಇರುತ್ತವಲ್ಲ, ದುಡ್ಡು ಕೊಟ್ಟು ಯಾಕೆ ತರಬೇಕು?

ಅದೇ ಮಸಾಲೆ ಹಾಕಿ ನಾನು ಮಾಡುವುದು ಸ್ಕೋನ್, ಅಂದರೆ ಮೈದಾ, ಬೆಣ್ಣೆ ಸೇರಿಸಿ ಓವನ್‌ನಲ್ಲಿ ಬೇಯಿಸುವ ತಿಂಡಿ. ಇಂಗ್ಲೆಂಡಿನ ಸ್ಕೋನ್ ದುಂಡಗೆ, ಸಪ್ಪೆಯಾಗಿರುತ್ತದೆ. ಜಾಮ್ ಮತ್ತು ಕೆನೆ ಹಚ್ಚಿಕೊಂಡು ತಿನ್ನುತ್ತಾರೆ. ಅಮೆರಿಕದವರದ್ದು ತ್ರಿಕೋನ, ಸಿಹಿ ಜಾಸ್ತಿ, ಹಾಗೇ ಕಚ್ಚಿ ತಿನ್ನಬಹುದು. ನಾನು ಹೇಳುತ್ತಿರುವುದು ಎರಡನೆಯದು.

ನನ್ನ ಮೊದಲ ಸ್ಕೋನ್ ಕಲ್ಲಾಗಿತ್ತು. ಹಿಟ್ಟು ಕೈಗೆ ಸಿಕ್ಕ ಕೂಡಲೇ ಅಭ್ಯಾಸಬಲದಿಂದ ಚಪಾತಿಗೆ ನಾದಿದ ಹಾಗೆ ಚೆನ್ನಾಗಿ ನಾದಿಬಿಟ್ಟಿದ್ದೆ. ಎರಡನೇ ಸಲ ನಾದಲಿಲ್ಲ, ಆದರೆ ಕುಂಬಳಕಾಯಿಯ ನೀರು ತೆಗೆಯಲಿಲ್ಲ, ಎಂಟೂ ತಟ್ಟೆಯಲ್ಲಿ ಹರಡಿ ಒಂದಕ್ಕೊಂದು ಅಂಟಿಕೊಂಡು ಸಪ್ಪೆ ಕೇಕಿನ ಹಾಗಾದವು. ಆಗ ನಾನು ಬೈದದ್ದು ಬೇಕಿಂಗ್ ಪೌಡರನ್ನು, ಪಾಪ.

ಎಂಟು ಸ್ಕೋನ್‌ಗೆ ಬೇಕಾದದ್ದು ಇಷ್ಟು: ಮೈದಾ 250 ಗ್ರಾಂ, ಬ್ರೌನ್ ಶುಗರ್ 90 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೇಬಲ್ ಚಮಚ, ಉಪ್ಪು ಅರ್ಧ ಟೀ ಚಮಚ, ಬೆಣ್ಣೆ 113 ಗ್ರಾಂ (ಇಲ್ಲಿಯ ಲೆಕ್ಕದಲ್ಲಿ ಒಂದು ಸ್ಟಿಕ್), ಒಂದು ಮೊಟ್ಟೆ, ಕ್ರೀಮ್ ಅಥವಾ ಮಜ್ಜಿಗೆ ಮೂರು ಟೇಬಲ್ ಚಮಚ, ನೀರು ಹೀರಿಸಿದ ಮೇಲೆ ತೂಗಿದ ಕುಂಬಳಕಾಯಿ ಪ್ಯೂರಿ 120 ಗ್ರಾಂ. ಮಸಾಲೆಗೆ ಚಕ್ಕೆ ಪುಡಿ ಒಂದೂವರೆ ಟೀ ಚಮಚ, ಒಣ ಶುಂಠಿ ಮುಕ್ಕಾಲು, ಜಾಯಿಕಾಯಿ ಕಾಲು, ಲವಂಗದ ಪುಡಿ ಒಂದೇ ಒಂದು ಚಿಟಿಕೆ. ಲವಂಗ ಹೆಚ್ಚಾದರೆ ಟೂತ್‌ಪೇಸ್ಟ್ ತಿಂದ ಹಾಗಿರುತ್ತದೆ. ಒಮ್ಮೆ ಏಲಕ್ಕಿಯನ್ನೂ ಹಾಕಿ ನೋಡಿದೆ, ಮನೆಯೆಲ್ಲಾ ಹೋಳಿಗೆ ಹೂರಣದ ಘಮ, ಸ್ಕೋನ್ ಅನ್ನಿಸಲೇ ಇಲ್ಲ. ಬ್ರೌನ್ ಶುಗರ್ ಸಿಗದಿದ್ದರೆ ಬೆಲ್ಲದ ಪುಡಿ ನಡೆಯುತ್ತದೆ, ಜೋನಿ ಬೆಲ್ಲ ಬೇಡ.

ಮೊಟ್ಟೆ ತಿನ್ನದವರು ಅದನ್ನು ಬಿಟ್ಟು ಇನ್ನೊಂದು ಮೂರು ಟೇಬಲ್ ಚಮಚ ಕ್ರೀಮ್ ಹಾಕಿದರೆ ಸಾಕು, ಹಿಟ್ಟು ಹಿಡಿದುಕೊಳ್ಳಲು ಕುಂಬಳಕಾಯಿಯೇ ಇದೆಯಲ್ಲ.

ಈಗ ಪ್ಯೂರಿ ವಿಷಯ. ಡಬ್ಬಿ ಕೊಳ್ಳುವಾಗ ಮೇಲೆ ಏನು ಬರೆದಿದೆ ನೋಡಿ. ಪಕ್ಕದಲ್ಲೇ ಅದೇ ಬಣ್ಣದಲ್ಲಿ 'ಪಂಪ್ಕಿನ್ ಪೈ ಫಿಲ್ಲಿಂಗ್' ಇರುತ್ತದೆ, ಅದರಲ್ಲಿ ಸಕ್ಕರೆ, ಮಸಾಲೆ ಎಲ್ಲಾ ಮೊದಲೇ ಸೇರಿರುತ್ತದೆ. ನಮಗೆ ಬೇಕಾದದ್ದು ಬರೀ ಕುಂಬಳಕಾಯಿ. ಹಾಲೋವೀನ್‌ಗೆ ಮುಖ ಕೊರೆಯುವ ದೊಡ್ಡ ಕಾಯಿ ಅಗ್ಗ ಅಂತ ಅದನ್ನೇ ಬೇಯಿಸಲು ಹೋಗಬೇಡಿ, ಬರೀ ನೀರು ಮತ್ತು ನಾರು. ತಾಜಾ ಕಾಯಿಯೇ ಬೇಕೆಂದರೆ ಚಿಕ್ಕ ಶುಗರ್ ಪಂಪ್ಕಿನ್ ತನ್ನಿ. ಬೆಂಗಳೂರಿನಲ್ಲಿರುವವರಿಗೆ ನಮ್ಮ ಸಿಹಿಗುಂಬಳವೇ ಆಯಿತು. ಕುಕ್ಕರಿನಲ್ಲಿ ಕೂಗಿಸದೆ ಹೋಳು ಮಾಡಿ ಓವನ್‌ನಲ್ಲಿ ಸುಟ್ಟು ರುಬ್ಬಿಕೊಳ್ಳಿ.

ಡಬ್ಬಿಯದ್ದಿರಲಿ, ಮನೆಯದ್ದಿರಲಿ, ನೀರು ತೆಗೆಯಲೇಬೇಕು. ಸುಮಾರು 170 ಗ್ರಾಂ ಪ್ಯೂರಿಯನ್ನು ತಟ್ಟೆಯ ಮೇಲೆ ಹರಡಿ, ಪೇಪರ್ ಟವೆಲ್ ಒತ್ತಿ ತೆಗೆಯಿರಿ, ಇನ್ನೊಂದು ಒತ್ತಿ, ಮೂರ್ನಾಲ್ಕು ಸಲ. ಮನೆಯಲ್ಲಿ ಸುಟ್ಟದ್ದಾದರೆ ತೆಳು ಬಟ್ಟೆಯಲ್ಲಿ ಕಟ್ಟಿ ಒಂದೆರಡು ಗಂಟೆ ನೇತುಹಾಕಿ, ಆಮೇಲೆ ತೂಗಿ. ಡಬ್ಬಿಯಲ್ಲಿ ಉಳಿದದ್ದಕ್ಕೆ ಬೆಲ್ಲ, ಗೋಧಿ ಹಿಟ್ಟು ಸೇರಿಸಿ ಗಾರಿಗೆ ಕರಿಯಬಹುದು. ಅಲ್ಲಿ ಕಾಯಿಯ ನೀರಲ್ಲೇ ಹಿಟ್ಟು ಕಲಸುವುದರಿಂದ ಹೀರಿಸುವ ಕಷ್ಟವೇ ಇಲ್ಲ.

ಬೆಣ್ಣೆಯನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಕ್ಯಾರೆಟ್ ತುರಿಯುವ ಮಣೆಯ ದೊಡ್ಡ ತೂತಿನ ಕಡೆಯಲ್ಲಿ ತುರಿದುಕೊಳ್ಳಿ. ಕರಗಿಸಿ ಹಾಕಿದರೆ ಕೆಲಸ ಕೆಟ್ಟಿತು. ಬೆಣ್ಣೆಯಲ್ಲಿ ಸ್ವಲ್ಪ ನೀರೂ ಇರುತ್ತದೆ. ಗಟ್ಟಿ ಚೂರುಗಳು ಬಿಸಿ ಓವನ್ನಿಗೆ ಹೋದಾಗ ಆ ನೀರು ಹಬೆಯಾಗಿ ಹಿಟ್ಟನ್ನು ಮೇಲಕ್ಕೆ ತಳ್ಳುತ್ತದೆ, ಪದರ ಬರುವುದು ಅದರಿಂದ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ಒಣ ಪದಾರ್ಥ ಎಲ್ಲಾ ಸೇರಿಸಿ, ಬೆಣ್ಣೆ ತುರಿ ಹಾಕಿ ಬೆರಳ ತುದಿಯಲ್ಲಿ ಬೇಗಬೇಗ ಉಜ್ಜಿ ಉದುರುದುರು ಮಾಡಿ. ಅಲ್ಲಲ್ಲಿ ಕಡಲೆಬೇಳೆಯಷ್ಟು ಚೂರು ಕಾಣುತ್ತಿರಬೇಕು. ಪ್ಯೂರಿ, ಮೊಟ್ಟೆ, ಕ್ರೀಮ್ ಬೇರೆ ಪಾತ್ರೆಯಲ್ಲಿ ಕಲಕಿ ಇದಕ್ಕೆ ಸುರಿದು ಫೋರ್ಕಿನಲ್ಲಿ ತಿರುವಿ. ಇನ್ನೂ ಪುಡಿಪುಡಿ ಇದೆ, ಸರಿಯಾಗಿ ಕಲಸಿಲ್ಲ ಅನ್ನಿಸುವಾಗಲೇ ನಿಲ್ಲಿಸಿ ಮಣೆಯ ಮೇಲೆ ಸುರಿದು ಸುಮ್ನೆ ಒತ್ತಿ ಒಟ್ಟು ಮಾಡಿ. ಒಂದು ಸಲ ಮಡಚಿ, ಎಂಟಂಗುಲ ಅಗಲ, ಒಂದಂಗುಲ ದಪ್ಪದ ಬಿಲ್ಲೆ ತಟ್ಟಿ, ಎಂಟು ತ್ರಿಕೋನ ಕತ್ತರಿಸಿ. ಚಾಕುವನ್ನು ನೇರ ಕೆಳಗೆ ಒತ್ತಿ, ಗರಗಸದ ಹಾಗೆ ಎಳೆದರೆ ಅಂಚಿನ ಪದರ ಮುಚ್ಚಿಹೋಗುತ್ತದೆ.

ಕತ್ತರಿಸಿದ್ದನ್ನು 15 ನಿಮಿಷ ಫ್ರಿಜ್ಜಿನಲ್ಲಿಡಿ. ಬೆಳಗಿನ ತಿಂಡಿಗೆ ಅಂದರೆ ನಾನು ರಾತ್ರಿಯೇ ಇಷ್ಟು ಮಾಡಿ ಫ್ರೀಜರಿಗೆ ಹಾಕಿಬಿಡುತ್ತೇನೆ. ಬೆಳಿಗ್ಗೆ ಎದ್ದು ಓವನ್ ಹಚ್ಚಿ, ಹಲ್ಲುಜ್ಜಿ ಬರುವಷ್ಟರಲ್ಲಿ ಅದು ಬಿಸಿಯಾಗಿರುತ್ತದೆ. ಕರಗಿಸುವುದು ಬೇಡ, ಹಾಗೇ ಇಡಿ, ಮೂರ್ನಾಲ್ಕು ನಿಮಿಷ ಜಾಸ್ತಿ ಬೇಕು ಅಷ್ಟೇ.

ಮೇಲೆ ಸ್ವಲ್ಪ ಕ್ರೀಮ್ ಸವರಿ, 400 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ, 20ರಿಂದ 24 ನಿಮಿಷ. ಕುಂಬಳಕಾಯಿಯ ಬಣ್ಣ ಮೋಸ ಮಾಡುತ್ತದೆ, ಹಸಿ ಇದ್ದಾಗಲೇ ಬೆಂದ ಹಾಗೆ ಕಾಣುತ್ತದೆ. ಒಂದನ್ನು ಎತ್ತಿ ತಳ ನೋಡಿ. ತಳ ಕಂದು ಬಣ್ಣಕ್ಕೆ ತಿರುಗಿ, ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಆಯಿತು.

ಇಲ್ಲಿಯವರು ಮೇಲೆ ಸಕ್ಕರೆ ಪುಡಿಯನ್ನು ಹಾಲಲ್ಲಿ ಕಲಸಿ ಸುರಿಯುತ್ತಾರೆ. ನನಗೆ ಅದು ಅತಿ ಸಿಹಿ. ಬಿಸಿ ಇರುವಾಗಲೇ ಮುರಿದು, ಒಳಗೆ ಒಂದಿಷ್ಟು ಬೆಣ್ಣೆ ಇಟ್ಟು, ಫಿಲ್ಟರ್ ಕಾಫಿ ಜೊತೆ ತಿನ್ನುವುದೇ ಇಷ್ಟ. ಮರುದಿನಕ್ಕೆ ಉಳಿದರೆ ಮೈಕ್ರೋವೇವ್‌ಗೆ ಹಾಕಬೇಡಿ, ಮೆತ್ತಗಾಗಿ ರಬ್ಬರಿನ ಹಾಗಾಗುತ್ತದೆ. ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್‌ಗೆ ಐದಾರು ನಿಮಿಷ ಇಟ್ಟರೆ ಅಂಚು ಮತ್ತೆ ಗರಿಗರಿಯಾಗುತ್ತದೆ.